ಅರ್ಧ ಹೆಜ್ಜೆ

ಬೆಟಗೇರಿ ಶಾಲೆ, ಎಂಟನೇ ‘ಬ’.
ಉಳಿದ ಲಗ್ನಪತ್ರಿಕೆಯ ರಟ್ಟಿನಲ್ಲಿ
ಎರಡು ಷಟ್ಕೋನ ಕತ್ತರಿಸಿ ದಾರ ಕಟ್ಟಿದ್ದೆ.
ಮೂಲೆಗೆ ಮೂಲೆ ನಿಂತರೆ ಪಟ್ಟಕ.
ಮೇಲಿನದನ್ನು ಅರ್ಧ ಹೆಜ್ಜೆ ತಿರುವಿ
ಚೌಕದ ಜಾಗಕ್ಕೆ ತ್ರಿಕೋನ ಬಂದರೆ
ಪ್ರತಿಪಟ್ಟಕ. ಬರೆದುಕೊಳ್ಳಿ.

“ಅಷ್ಟು ತಿರುವದಿದ್ದರ್ರೀ?”
ಕಡೇ ಬಾಕಿನ ಗಾಳೆವ್ವ
ಸ್ವಲ್ಪವೇ ಸ್ವಲ್ಪ ತಿರುವಿ ಹಿಡಿದಿದ್ದಳು.
ಅದೂ ಅಲ್ಲ, ಇದೂ ಅಲ್ಲ;
ಎಡಕ್ಕೆ ತಿರುವಿದ್ದು
ಬಲಕ್ಕೆ ತಿರುವಿದ್ದರ ಕನ್ನಡಿ.
ಪುಸ್ತಕ ಮಗುಚಿದೆ, ಹೆಸರಿಲ್ಲ.
‘ತಿರುಪಟ್ಟಕ’ ಎಂದು ಬರೆದೆ,
ಅಂಗೈಯಿಂದ ಒರೆಸಿದೆ.

“ನಮ್ಮಪ್ಪ ಡೊಳ್ಳು ಬಿಗೀತಾನ್ರಿ.
ಹಗ್ಗ ಹಿಂಗ ವಾಲಿದ್ರ
‘ಇನ್ನೂ ಮಾತಾಡವಲ್ದು’ ಅಂತಾನ.”

ಗಂಟೆ ಹೊಡೆಯಿತು.
ಹಲಗೆಯ ಮೇಲೆ ಎರಡು ಹೆಸರಿನ ನಡುವೆ
ಜಾಗ ಬಿಟ್ಟೆ,
ಗಾಳೆವ್ವನ ಬೆರಳಗಲ.