ತೂಕದ ಪಟ್ಟಿ

ಜುಲೈ, ಆಗಸ್ಟ್, ಸೆಪ್ಟೆಂಬರ್.
ಮೂರು ಚುಕ್ಕೆ ಒಂದೇ ಗೆರೆಯ ಮೇಲೆ ಕೂತಿವೆ.
ಹಮ್ಮು ಗೌಡನ ಮಗಳು ಧನ್ವಿತಾ,
ಮೂರು ವರ್ಷ, ಹತ್ತೂವರೆ ಕಿಲೋ.
ಜ್ವರ ಬಂತು, ಹೋಯಿತು, ಮತ್ತೆ ಬಂತು.
ಮೊಟ್ಟೆ ತಿಂದಳು, ಗಂಜಿ ಕುಡಿದಳು,
ಅಷ್ಟೂ ಎಲ್ಲಿ ಹೋಯಿತೆಂದು
ತಕ್ಕಡಿಯನ್ನೇ ಅನುಮಾನಿಸಿ
ಎರಡು ಕಿಲೋ ಬೆಲ್ಲ ಇಟ್ಟು ನೋಡಿದೆ.
ತಕ್ಕಡಿ ಸರಿಯಾಗೇ ಇತ್ತು.

ಅಂಗನವಾಡಿಗೆ ಬೀಗ ಹಾಕಿ
ಐಗಳಕುರ್ವೆಯ ಏರಿ ಹತ್ತಿದರೆ ನಮ್ಮ ಎರಡು ಗದ್ದೆ.
ಮೇಲಿನ ಸಿಹಿನೀರಿನದರಲ್ಲಿ ಹೊಸ ತಳಿ:
ಗಿಡ್ಡ, ದಟ್ಟ, ಒಂದೇ ಎತ್ತರ,
ಯೂರಿಯಾ ಉಂಡು ಗಿಳಿಹಸಿರು.
ಕೆಳಗೆ ಗಜನಿಯಲ್ಲಿ ಅತ್ತೆಯ ಕಾಲದ ಕಗ್ಗ,
ಮೀಸೆ ಬಿಟ್ಟು, ತಲೆ ಕೆದರಿ,
ಸೊಂಟದವರೆಗೆ ಉಪ್ಪುನೀರಲ್ಲಿ ನಿಂತು
ಕೊಡುವಾಗ ಮಾತ್ರ ಜಿಪುಣ.

ಚೌತಿಗೆ ಮೊದಲು ಹನ್ನೊಂದು ದಿನ ಬಿಸಿಲೇ ಇಲ್ಲ.
ಹೊಸ ತಳಿಯ ಎಲೆ ಎಲೆಗೂ ಕಣ್ಣು ಬಿತ್ತು,
ಅಂಚು ಕಂದು, ನಡುವೆ ಬೂದಿ.
ಬೆಂಕಿರೋಗ.
‘ತಿನ್ನೂಕೆ ಮಾತ್ರ ಕಲ್ತದೆ,
ಬಡ್ದಾಡೂಕೆ ಬತ್ತಿಲ್ಲ ಇದ್ಕೆ’
ಎಂದ ಬುದವಂತ, ಯೂರಿಯಾ ಎರಚಿದವನೂ ಅವನೇ.

ಕಗ್ಗಕ್ಕೂ ತಗುಲಿತ್ತು. ಬಗ್ಗಿ ನೋಡಿದೆ.
ಸಾಸಿವೆಯಷ್ಟು ಕಪ್ಪು, ಅಷ್ಟೇ.
ರೋಗ ಕಾಲಿಟ್ಟ ಜಾಗದ ಸುತ್ತ
ತನ್ನದೇ ಹಸಿರನ್ನು ತಾನೇ ಸುಟ್ಟು
ದಾರಿ ಕಡಿದಿತ್ತು ಎಲೆ.
ಸುಟ್ಟ ಹಸಿರು ಇನ್ನು ಅನ್ನ ಬೇಯಿಸದು.
ಕಪ್ಪಿಗೊಂದು ಕಾಳಿನಂತೆ ಕಳೆಯುತ್ತ ಹೋದೆ,
ಜಿಪುಣ ಎಂದ ಬಾಯಿ ಒಣಗಿತು.

ಹುಣ್ಣಿಮೆ ಭರತದ ರಾತ್ರಿ
ಜಂತ್ರಡಿಗೆ ಕಾವಲು ಕೂತವ
ಮರುದಿನ ನಾಟಿಗೆ ಬರಲಾರ.
ಊರೆಲ್ಲ ವರ್ಷವಿಡೀ ಜಂತ್ರಡಿಯಲ್ಲೇ ಕೂತರೆ
ಗದ್ದೆಯಲ್ಲಿ ಕಾಯುವುದಕ್ಕೆ ಏನಿರುತ್ತದೆ?
ಯಾವಾಗ ಏಳಬೇಕು, ಯಾವಾಗ ಕೂರಬೇಕು
ಎಂದು ಆ ಎಲೆಗೆ ಹೇಳಿದವರಾರೋ.
ನಮ್ಮ ಮೇಲ್ವಿಚಾರಕಿಯಂತೂ ಅಲ್ಲ.
ಆಕೆ ಬಂದು ಕೆಂಪು ಶಾಯಿಯಲ್ಲಿ
‘ಬೆಳವಣಿಗೆ ಕುಂಠಿತ’ ಎಂದು ಬರೆದು ಹೋದರು.
ಕಾರಣದ ಕಲಮು ಖಾಲಿಯಿತ್ತು.
ಬೆರಳಷ್ಟು ಅಗಲ.
ಮೂರು ತಿಂಗಳ ಗಂಜಿ, ಮೊಟ್ಟೆ
ಬಾಗಿಲಲ್ಲಿ ನಿಂತು ಹೊಡೆದಾಡುತ್ತಿತ್ತೆಂದು
ಅಲ್ಲಿ ಹಿಡಿಸುವಂತೆ ಬರೆಯುವುದು ಹೇಗೆ?
‘ಜ್ವರ’ ಎಂದೆ.

ಅಕ್ಟೋಬರಿನಲ್ಲಿ ಬಿಸಿಲು ಬಿತ್ತು.
ಕಗ್ಗ ತಡವಾಗಿ, ತೆಳುವಾಗಿ ತೆನೆ ಬಿಟ್ಟಿತು.
ಧನ್ವಿತಾ ತಾನೇ ಓಡಿ ಬಂದು ತಕ್ಕಡಿ ಹತ್ತಿದಳು.
ಹತ್ತು ಕಿಲೋ ಒಂಬೈನೂರು.
ಚಪ್ಪಲಿ ಬಿಚ್ಚಿಸಿದ್ದೆನೋ ಇಲ್ಲವೋ, ನೆನಪಿಲ್ಲ.
ಬಿಚ್ಚಿಸಿದ್ದೆ ಎಂದೇ
ಚುಕ್ಕೆ ಇಟ್ಟೆ.