ಎಡರೆಕ್ಕೆಯ ಸದ್ದು

ಸ್ಯಾಸ್ಕಿ ಅಂತ ಹೆಸರಿಟ್ಟರು. ನಮ್ಮ ಮಾತಲ್ಲಿ ಸೊಳ್ಳೆ.
ಯುದ್ಧ ಕಲಿಸುವ ವಿಮಾನಕ್ಕೆ ಇದೆಂಥ ಹೆಸರು ಎಂದು
ಹೆಲ್ಸಿಂಕಿಯೆದುರಿನ ಕೋಟೆದ್ವೀಪದಲ್ಲಿ ನಕ್ಕೆವು ಎಲ್ಲರೂ.
ಅದು ಮೇಲೆದ್ದಾಗ ಕಿವಿಯ ಪಕ್ಕದಲ್ಲೇ
ಜೂನ್ ತಿಂಗಳ ಕೆರೆದಂಡೆ ಗುಂಯ್‌ಗುಟ್ಟಿತು.

ಪೈನ್ ಮರದ ಪಕ್ಕೆಲುಬು, ಮೇಲೆ ನಾರುಬಟ್ಟೆ.
ಎಡರೆಕ್ಕೆ ನನ್ನ ಪಾಲು.
ಬೆರಳಗಲಕ್ಕೊಂದು ಹೊಲಿಗೆ, ಹೊಲಿಗೆಗೊಂದು ಗಂಟು,
ಆಮೇಲೆ ಕೊಳೆತ ಪೇರ್ ಹಣ್ಣಿನ ಘಾಟಿನ ಮೆರುಗೆಣ್ಣೆ:
ನಮ್ಮ ತಲೆ ಗಿರ್ರೆನಿಸಿ
ಬಟ್ಟೆಯನ್ನು ತಮಟೆಯ ಹಾಗೆ ಬಿಗಿಯುತ್ತಿತ್ತು.

ಬಿಗಿದ ಮೇಲೆ ನೋಡುತ್ತೇನೆ, ಬೆರಳು ಬರಿದು.
ಅಂಗುಸ್ತಾನ, ಅಜ್ಜಿ ಕೊಟ್ಟ ಹಿತ್ತಾಳೆಯ ಪುಟ್ಟ ಟೊಪ್ಪಿ,
ಒಳಗೇ ಉಳಿದಿತ್ತು.
ಹೇಳಲಿಲ್ಲ. ಹೇಳಿದರೆ ರೆಕ್ಕೆ ಬಿಚ್ಚಬೇಕು,
ಬಿಚ್ಚಿದ ದಿನಕ್ಕೆ ಕೂಲಿಯಿಲ್ಲ.

ಸೊಳ್ಳೆ ಉತ್ತರಕ್ಕೆ ಹೋಯಿತು, ಕೌಹವಾದ ಬಯಲಿಗೆ,
ರೈತರ ಮಕ್ಕಳು ಆಕಾಶದ ಅ ಆ ತಿದ್ದುವಲ್ಲಿಗೆ.
ಚಳಿಗಾಲಕ್ಕೆ ಗಾಲಿ ಕಳಚಿ ಮರದ ಜಾರುಪಟ್ಟಿ.
ರಾತ್ರಿ ಎಂಜಿನ್ನಿನ ಎಣ್ಣೆ ಬಸಿದಿಟ್ಟು
ಬೆಳಗ್ಗೆ ಗಂಜಿಯಂತೆ ಕಾಯಿಸಿ ಹೊಯ್ಯುತ್ತಿದ್ದರಂತೆ.
ಪಟ್ಟಿ ಹಿಮಕ್ಕೆ ಕಚ್ಚಿಕೊಂಡರೆ
ನಾಲ್ಕು ಹುಡುಗರು ಬಾಲ ಹಿಡಿದು ಅಲುಗಿಸುವುದು,
ಮಲಗಿದ ಮೊಂಡು ಹಸುವನ್ನು ಏಳಿಸುವ ಹಾಗೆ.

ಚಿಕ್ಕಮ್ಮನ ಮಗ ತೌನೊ ಬರೆದ:
"ಸೈಮಿ ಅಕ್ಕಾ, ಎಡರೆಕ್ಕೆಯಲ್ಲಿ ಏನೋ ಉರುಳುತ್ತೆ.
ಎಂಜಿನ್ ತಗ್ಗಿಸಿ ಇಳಿಯುವಾಗ ಕೇಳುತ್ತೆ.
ಮೆಕ್ಯಾನಿಕ್ ತಟ್ಟಿ ತಟ್ಟಿ ನೋಡಿದ, ಸಿಗಲಿಲ್ಲ.
ಮೇಷ್ಟ್ರು ಮಾತ್ರ, ಇರಲಿ ಬಿಡು, ಅಂದರು.
ತಿರುವು ಸರಿಯಿದ್ದರೆ ಅದು ಸುಮ್ಮನಿರುತ್ತೆ,
ನೀನು ಜಾರಿದರೆ ಟಕ್ಕೆನ್ನುತ್ತೆ.
ನಾನು ಬೈದದ್ದು ಮರೆತೀಯ, ಅದನ್ನು ಮರೆಯಲಾರೆ."

ಎಷ್ಟು ಚಳಿಗಾಲ, ಎಷ್ಟು ಹುಡುಗರು
ನನ್ನ ತಪ್ಪಿಗೆ ಕಿವಿಗೊಟ್ಟು ನೇರವಾದರೋ.

ಮೂವತ್ತೊಂಬತ್ತರ ನವೆಂಬರ್. ಗಡಿ ಹೊತ್ತಿಕೊಂಡಿತು.
ತೌನೊ ಈಗ ಬೇರೆ ವಿಮಾನದಲ್ಲಿ, ವೇಗದ್ದು:
"ಇಲ್ಲಿ ಮುಳ್ಳು ತಿರುಗುವ ಗಡಿಯಾರಗಳು ಬೇಕಾದಷ್ಟು.
ಟಕ್ಕೆನ್ನುವುದು ಒಂದೂ ಇಲ್ಲ."

ಅದೇ ಅವನ ಕೊನೆಯ ಕಾಗದ ಅಂದುಬಿಟ್ಟರೆ
ನಿಮ್ಮ ಕಣ್ಣು ತುಂಬೀತು. ಇಲ್ಲ, ಬದುಕಿ ಬಂದ.
ಬಲಗಿವಿ ಹೋಗಿದೆ. ಹಾಲಿನ ಲಾರಿ ಓಡಿಸುತ್ತಾನೆ.

ಸೊಳ್ಳೆಯನ್ನು ಒಡೆಯುವ ದಿನ ಕೇಳಿಕೊಂಡು ಹೋದೆ.
ಕತ್ತರಿ ನನ್ನದೇ.
ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ, ಸ್ವಲ್ಪ ಜಂಬವಾಯಿತು.
ಕೊನೆಯ ಪಕ್ಕೆಲುಬಿನ ಸಂದಿಯಲ್ಲಿ ಸಿಕ್ಕಿತು:
ಉರುಳಿ ಉರುಳಿ ಮರವನ್ನು ಸವೆಸಿ ತಾನೂ ಸವೆದು
ಮೈಮೇಲಿನ ಚುಕ್ಕಿಗಳೆಲ್ಲ ಅಳಿಸಿ ನುಣುಪಾಗಿದೆ.
ಸೂಜಿ ನಿಲ್ಲುವುದಿಲ್ಲ, ಜಾರುತ್ತದೆ.

ಆದರೂ ತೌನೊ ಕಾಫಿಗೆ ಬಂದಾಗ ಹಾಕಿಕೊಳ್ಳುತ್ತೇನೆ.
ಮೇಜಿಗೆ ಒಮ್ಮೆ ತಟ್ಟುತ್ತೇನೆ, ಟಕ್.
ಎಡಗಿವಿಯನ್ನು ಇತ್ತ ತಿರುಗಿಸಿ
ಬೆನ್ನು ನೆಟ್ಟಗೆ ಮಾಡಿ ಕೂರುತ್ತಾನೆ.