ಮೂರು ಕಡಿಮೆ ಉಂಟು

ವಿದ್ಯಾನಗರದ ಕಾಲೇಜು ವರಾಂಡದಲ್ಲಿ
ಒಂದು ಡೆಸ್ಕು, ಎರಡು ಬೆಂಚು,
ಸಹಾಯ ಕೇಂದ್ರವೆಂದು ಮಲಯಾಳದಲ್ಲಿ ಬರೆದ ರಟ್ಟು.
ಅದರಡಿ ಕನ್ನಡದಲ್ಲಿ ಬರೆದವನು ನಾನೇ;
ಶಾಯಿ ಮುಗಿದು
'ಕೇಂದ್ರ'ದ ಒತ್ತು ಅರ್ಧಕ್ಕೆ ನಿಂತಿದೆ.

ಜಲಜಾಕ್ಷಿ ಬಂದರು, ಹೆಗಲಲ್ಲಿ ಪಿಗ್ಮಿ ಚೀಲ,
ಹಿಂದೆ ಮಗಳು ನಿಶ್ಮಿತಾ, ಮುಖ ಫೋನಿನೊಳಗೆ.
"ಮಾಸ್ಟ್ರೇ, ಈ ಕ್ರೆಡಿಟ್ಟು ಅಂದರೆ ಎಂತದು?
ನಮ್ಮ ಸೊಸೈಟಿಯಲ್ಲಿ ಕ್ರೆಡಿಟ್ಟು ಅಂದರೆ ಜಮೆ,
ಅಂಗಡಿಯಲ್ಲಿ ಕೇಳಿದರೆ ಕಡ.
ಇಲ್ಲಿ ಯಾವುದು?"

ಇಪ್ಪತ್ತು ವರ್ಷ ಛಂದಸ್ಸು ಕಲಿಸಿದವನು;
ಲಘುವಿಗೆ ಒಂದು, ಗುರುವಿಗೆ ಎರಡು,
ಮಾತ್ರೆ ಎಣಿಸಿ ಗಣ ಕಟ್ಟುವುದು ಗೊತ್ತು.
ಆ ಧೈರ್ಯದಲ್ಲೇ ಶುರು ಮಾಡಿದೆ:
ಹದಿನೈದು ಗಂಟೆ ಪಾಠಕ್ಕೆ ಕೂತರೆ ಒಂದು ಕ್ರೆಡಿಟ್ಟು,
ಲ್ಯಾಬಾದರೆ ಮೂವತ್ತು ಗಂಟೆ ನಿಲ್ಲಬೇಕು.
ಹೀಗೆ ಮೂರು ವರ್ಷಕ್ಕೆ ನೂರ ಮೂವತ್ತಮೂರು.
ಸಾಕೆಂದರೆ ಇಳಿಯಬಹುದು,
ಕುಂಬಳೆಯಲ್ಲಿ ಇಳಿದ ಹಾಗೆ.
ಮತ್ತೂ ಒಂದು ವರ್ಷ ಕೂತರೆ ನೂರ ಎಪ್ಪತ್ತೇಳು, ಆನರ್ಸು,
ಅದೇ ರೈಲು ಮಂಜೇಶ್ವರದವರೆಗೆ.

ವಿಷಯ ಯಾವುದು ಎಂದಾಗ ಮಗಳು ತಲೆಯೆತ್ತಿದಳು.
"ಜಿಯಾಲಜಿ ಮೇಜರು. ಕನ್ನಡ ಮೈನರು."
ಮುರಕಲ್ಲಿನ ಊರಲ್ಲಿ ಕಲ್ಲು ಓದುವುದು ಸರಿ,
ಕನ್ನಡ ಯಾಕೆ ಎಂದು ಕೇಳಬಹುದಿತ್ತು, ಕೇಳಲಿಲ್ಲ.
ಮೈನರಿಗೆ ಇವತ್ತಿನವರೆಗೆ ಒಂಬತ್ತು ಹೆಸರು;
ಹತ್ತಾಗದಿದ್ದರೆ ತರಗತಿಯೇ ಇಲ್ಲ.
ಹತ್ತನೆಯದನ್ನು ಉಸಿರು ಬಿಗಿಹಿಡಿದು ಬರೆದೆ,
ಅಕ್ಷರ ಸ್ವಲ್ಪ ದೊಡ್ಡದಾಯಿತು.

"ನಡುವೆ ಬಿಟ್ಟರೆ?"
ಗಳಿಸಿದ್ದು ಎಲ್ಲಿಗೂ ಹೋಗುವುದಿಲ್ಲ,
ಅದಕ್ಕೂ ಒಂದು ಬ್ಯಾಂಕು ಉಂಟು,
ಆಮೇಲೆ ಬಂದು ಮುಂದುವರಿಸಬಹುದು ಎಂದೆ.
"ಎಷ್ಟು ಆಮೇಲೆ?"
ಕೆಲವು ವರ್ಷ.
"ಇಪ್ಪತ್ತೇಳು?"

ಬಿ.ಕಾಂ ಎರಡನೇ ವರ್ಷದವರೆಗೆ
ಇದೇ ಮೆಟ್ಟಿಲು ಹತ್ತಿದವರಂತೆ.
ಅಣ್ಣನ ಹೋಟೆಲು ಮುಚ್ಚಿತು, ಫೀಸು ನಿಂತಿತು.
ಆಗ ಪೂರ್ತಿಯಾದರೆ ಪದವಿ,
ಇಲ್ಲವಾದರೆ ಹಾಜರಿ ಪುಸ್ತಕದಲ್ಲಿ ಹೆಸರಿನ ಮೇಲೊಂದು ಕೆಂಪು ಗೆರೆ.
ಆ ಎರಡು ವರ್ಷ ಯಾವ ಬ್ಯಾಂಕಿನಲ್ಲೂ ಇಲ್ಲವೆಂದು
ನಾನು ಹೇಳುವ ಮೊದಲೇ ನಕ್ಕರು:
"ಸುಮ್ಮನೆ ಕೇಳಿದ್ದು. ಅಷ್ಟು ವರ್ಷ ಮುಟ್ಟದ ಖಾತೆಯನ್ನು
ನಮ್ಮಲ್ಲೂ ನಿಷ್ಕ್ರಿಯ ಅಂತ ಬರೆದುಬಿಡುತ್ತಾರೆ."

ಅಷ್ಟರಲ್ಲಿ ಫೋನು.
ಉಪ್ಪಳದ ದರ್ಜಿಗೆ ಉರ್ದುವಿನಲ್ಲಿ ನಾಳೆ ಬರುತ್ತೇನೆಂದರು,
ಬಂದ್ಯೋಡಿನ ಬೇಕರಿಗೆ ಮಲಯಾಳದಲ್ಲಿ ನೆನಪಿಸಿದರು,
ಮಗಳನ್ನು ತುಳುವಿನಲ್ಲಿ ಗದರಿದರು,
ನನ್ನತ್ತ ತಿರುಗಿದಾಗ ಮತ್ತೆ ಕನ್ನಡ.
ಭಾಷಾ ಸಾಮರ್ಥ್ಯ, ಮೂರು ಕ್ರೆಡಿಟ್ಟು
ಎಂದು ಮನಸ್ಸಿನಲ್ಲೇ ಬರೆಯಹೋಗಿ
ಕಾಲಂ ಸಿಗದೆ ಬಿಟ್ಟೆ.

ತುಂಬಿಸಿದ ಫಾರಂ ಅವರ ಕಡೆ ತಿರುಗಿಸಿದೆ.
ಒಂದು ಹೆಸರನ್ನೂ ಓದಲಿಲ್ಲ.
ಬಲಗಡೆಯ ಅಂಕಿಗಳ ಮೇಲೆ ತೋರುಬೆರಳು
ಮೇಲಿನಿಂದ ಕೆಳಗೆ ಇಳಿಯಿತು,
ಕೆಳಗಿನಿಂದ ಮೇಲೆ ಇನ್ನೊಮ್ಮೆ ಹತ್ತಿತು.
"ಒಂದು ಸೆಮಿಸ್ಟರಿಗೆ ಇಪ್ಪತ್ತೊಂದು ಅಂತ ಅಚ್ಚು ಹಾಕಿದ್ದಾರೆ.
ನೀವು ಬರೆದದ್ದು ಹದಿನೆಂಟು.
ಮೂರು ಕಡಿಮೆ ಉಂಟು, ಮಾಸ್ಟ್ರೇ."

ಹೌದು. ಬೇರೆ ಶಾಖೆಯಿಂದ ಆರಿಸಬೇಕಾದ ಒಂದು ವಿಷಯ,
ಬಹುಶಿಸ್ತೀಯ ಎಂಬ ಬಾಯಿಗೆ ಬಾರದ ಹೆಸರಿನದು,
ಬಿಟ್ಟೇಹೋಗಿತ್ತು.
ಪಟ್ಟಿ ಬಿಡಿಸಿದೆ. ಫೋಟೊಗ್ರಫಿ, ಜೇನು ಸಾಕಣೆ, ಲೆಕ್ಕಪತ್ರ...
ಮಗಳು ನೋಡುವ ಮೊದಲೇ
ಅಮ್ಮನ ಬೆರಳು ಲೆಕ್ಕಪತ್ರದ ಮೇಲಿತ್ತು.
"ಅಮ್ಮಾ, ಓದುವುದು ನಾನು."
ಬೆರಳು ನಿಧಾನ ಹಿಂದೆ ಸರಿಯಿತು.
"ಜೇನು" ಎಂದಳು ಹುಡುಗಿ. ಬರೆದೆ.

"ಆ ಲೆಕ್ಕಪತ್ರದ ಪುಸ್ತಕ ಲೈಬ್ರರಿಯಲ್ಲಿ ಸಿಗುತ್ತದಾ?
ಹೀಗೇ, ನೋಡಲಿಕ್ಕೆ."
ಉತ್ತರಕ್ಕೆ ಕಾಯದೆ ಚೀಲದಿಂದ ಪೆನ್ನು ತೆಗೆದು
ಇಪ್ಪತ್ತೊಂದರ ಕೆಳಗೆ
ಜೋಡಿ ಗೆರೆ ಎಳೆದರು, ಸ್ಕೇಲಿಲ್ಲದೆ, ನೇರ.